ಬೆಳಗ್ಗೆ ಆರಕ್ಕೆ ತಿಂಡಿ ಸಿಗುತ್ತಾ?

ಬೆಂಗಳೂರಿನಿಂದ ಮುದ್ದೇನಹಳ್ಳಿಗೆ ಹೆಚ್ಚೂಕಡಿಮೆ 60 ಕಿಲೋಮೀಟರ್. ದೇವನಹಳ್ಳಿಯ ವಿಮಾನ ನಿಲ್ದಾಣ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸಾಗಿದರೆ ನಂದಿಬೆಟ್ಟದ ಸಾಲು ಎಡಕ್ಕೆ ಬರುತ್ತದೆ, ಚಿಕ್ಕಬಳ್ಳಾಪುರ ಹತ್ತಿರವಾಗುತ್ತದೆ. ಕೆಲಸದ ಮೇಲೆ ಈ ಕಡೆ ಬರುವವರಲ್ಲಿ ಹೆಚ್ಚಿನವರು ಸಂಜೆಯೇ ಬೆಂಗಳೂರಿಗೆ ಹಿಂದಿರುಗುತ್ತಾರೆ. ಆದರೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಲಾಡ್ಜುಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ ಬ್ಯಾಗ್ ಇಳಿಸಿ, ಆಧಾರ್ ಕಾರ್ಡ್ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕುವವರು ಇದ್ದೇ ಇದ್ದಾರೆ. ಮನೆ ಇಷ್ಟು ಹತ್ತಿರವಿದ್ದೂ ರಾತ್ರಿ ಇಲ್ಲಿ ಯಾಕೆ ಕಳೆಯುತ್ತಾರೆ? ಮರುದಿನ ಬೆಳಗಿನ ಕೆಲಸಕ್ಕಾಗಿ.

ಇದೊಂದನ್ನು ನಮ್ಮ ಮಧ್ಯಮ ದರ್ಜೆಯ ಹೋಟೆಲುಗಳು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ ಎಂಬುದು ನನ್ನ ದೂರು. ಈ ಸೀಮೆಯ ಕಸುಬುಗಳೆಲ್ಲ ಬೆಳಗಿನವು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ನಂತರ ರಾಜ್ಯದಲ್ಲೇ ದೊಡ್ಡ ಹೆಸರು. ಗೂಡಿನೊಳಗೆ ಜೀವಂತ ಹುಳು ಇರುತ್ತದೆ. ದಿನ ತಳ್ಳಿದರೆ ಪತಂಗ ಗೂಡು ಸೀಳಿಕೊಂಡು ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ಒಂದೇ ಎಳೆಯಾಗಿ ನೂಲು ತೆಗೆಯಲು ಬರುವುದಿಲ್ಲ. ಹಾಗಾಗಿ ರೈತರು ಕತ್ತಲಿರುವಾಗಲೇ ಗೂಡು ತಂದು ಜಾಲರಿಗಳಲ್ಲಿ ಸುರಿದು ಕಾಯುತ್ತಾರೆ. ಹರಾಜಿಗೆ ಮುಂಚೆ ನೂಲು ತೆಗೆಯುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ, ಅಲುಗಿಸಿ ನೋಡಿ ಅಂದಾಜು ಹಾಕುತ್ತಾರೆ. ಹೂವಿನ ವ್ಯಾಪಾರವೂ ಹಾಗೆಯೇ. ಸೇವಂತಿಗೆ, ಚೆಂಡುಹೂ, ಗುಲಾಬಿ ಬಿಸಿಲೇರುವಷ್ಟರಲ್ಲಿ ಕೈ ಬದಲಾಗಿರಬೇಕು. ಬೀಜದ ಕಂಪನಿ, ಔಷಧಿ ಗೊಬ್ಬರದ ಕಂಪನಿ, ಹನಿ ನೀರಾವರಿ ಕಂಪನಿಯವರು ರೈತರನ್ನು ಹಿಡಿಯುವುದು ತೋಟದಲ್ಲಿ, ಬೆಳಗ್ಗೆ ಏಳರ ಒಳಗೆ. ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಯಂತ್ರ ಕೆಟ್ಟರೆ ರಿಪೇರಿಗೆ ಬಂದವನು ಮೊದಲ ಪಾಳಿ ಶುರುವಾಗುವ ಮೊದಲೇ ಅಲ್ಲಿರಬೇಕು.

ಮುದ್ದೇನಹಳ್ಳಿಗೆ ಬರುವವರು ಬೇರೆ ತರಹದವರು. ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಮತ್ತು ಸಮಾಧಿ ನೋಡಲು ಬರುವ ಪ್ರವಾಸಿಗರನ್ನು ಬಿಟ್ಟರೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಕ್ಕೆ ಪರೀಕ್ಷಕರು ಬರುತ್ತಾರೆ. ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್ 25ರಂದು ಪ್ರಧಾನಿ ಉದ್ಘಾಟಿಸಿದ ವೈದ್ಯಕೀಯ ಕಾಲೇಜು ಇದೆ. ಇಂಥ ಕಡೆ ಉಪಕರಣ ಮಾರುವವರು, ಅಳವಡಿಸುವವರು, ತಪಾಸಣೆ ಮಾಡುವವರು ಬಂದೇ ಬರುತ್ತಾರೆ. ಇವರಿಗೂ ಒಂಬತ್ತಕ್ಕೆ ಮುಂಚೆ ಗೇಟಿನ ಹತ್ತಿರ ಇರುವ ತುರ್ತು.

ಹೋಟೆಲಿನ ಬೋರ್ಡು ಹೇಳುವುದೇನು? ‘ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್, 8ರಿಂದ 10.30.’ ಬೆಳಗಿನ ಕೆಲಸಕ್ಕೆಂದೇ ದುಡ್ಡು ಕೊಟ್ಟು ಉಳಿದವನಿಗೆ, ಕೆಲಸ ಅರ್ಧ ಮುಗಿದ ಹೊತ್ತಿಗೆ ತಿಂಡಿ.

ಮುದ್ದೇನಹಳ್ಳಿಯ ದೊಡ್ಡ ಮಗನೇ ಬದುಕಿನ ಬಹುಪಾಲು ಕೆಲಸದ ಮೇಲೆ ಊರೂರು ಸುತ್ತಿದವರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯ ನಾಸಿಕ್, ಖಾನ್‌ದೇಶ್, ಪುಣೆ, ಸಿಂಧ್‌ನ ಸಕ್ಕರ್ ಎಂದು ಓಡಾಡಿದರು. 1898ರಲ್ಲಿ ಜಪಾನ್ ನೋಡಿ ಬಂದರು, 1906ರಲ್ಲಿ ನೀರು ಸರಬರಾಜಿನ ಕೆಲಸಕ್ಕೆ ಏಡನ್‌ಗೆ ಹೋದರು, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಕರೆಸಿಕೊಳ್ಳಲ್ಪಟ್ಟರು. ಆ ಕಾಲದ ಅಧಿಕಾರಿಗಳಿಗೆ ಇದ್ದದ್ದು ಟಿ.ಬಿ., ಐ.ಬಿ. ಎಂದು ನಮ್ಮೂರುಗಳಲ್ಲಿ ಇಂದಿಗೂ ಕರೆಯುವ ಪ್ರವಾಸಿ ಮಂದಿರಗಳು. ಹೆಂಚಿನ ಮಾಡು, ಅಗಲ ಜಗಲಿ, ಒಂದು ಮೇಜು, ಒಂದು ಕುರ್ಚಿ, ಎಷ್ಟು ಹೊತ್ತಿಗೆ ಹೊರಡಬೇಕೆಂದು ಹಿಂದಿನ ರಾತ್ರಿಯೇ ಕೇಳಿಕೊಂಡು ಹೋಗುವ ಮೇಟಿ. ವೈಭವ ಏನೂ ಇರಲಿಲ್ಲ. ಆದರೆ ಕಟ್ಟಿದವರಿಗೆ ಇಲ್ಲಿ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎನ್ನುವುದು ಗೊತ್ತಿತ್ತು.

ಅಧಿಕಾರಿಯಲ್ಲದವನಿಗೆ ಛತ್ರ, ಮುಸಾಫಿರಖಾನೆ. ಆಮೇಲೆ ಕರಾವಳಿಯವರು ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು ಹಾಕಿದರು. ಕಡಂದಲೆಯ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದಾಗ ಊಟದ ಜತೆಗೆ ರೂಮೂ ಇತ್ತು. ಈ ಪರಂಪರೆಯಲ್ಲಿ ಅಡುಗೆಮನೆ ಮೊದಲು, ರೂಮು ಆಮೇಲೆ. ಬೆಳಗಿನ ಜಾವ ಒಲೆ ಹಚ್ಚುವುದು ಅದರ ಮೂಲ ಧರ್ಮ. ಇವತ್ತಿನ ಹೋಟೆಲು ರೂಮು ಮೊದಲು ಕಟ್ಟಿ, ಅಡುಗೆಮನೆಯನ್ನು ಯಾರಿಗೋ ಗುತ್ತಿಗೆ ಕೊಡುತ್ತದೆ. ತಿಂಡಿ ತಡವಾಗಲು ನನಗೆ ಕಾಣುವ ಮುಖ್ಯ ಕಾರಣ ಇದೇ.

ಕೆಲಸದ ಮೇಲೆ ತಿರುಗುವವರಿಗೆಂದೇ, ಕಡಿಮೆ ದುಡ್ಡಿಗೆ, ಅಚ್ಚುಕಟ್ಟಾದ ರೂಮು ಎನ್ನುವ ಯೋಚನೆ ಭಾರತದಲ್ಲಿ ದೊಡ್ಡ ಕಂಪನಿಯ ಮಟ್ಟದಲ್ಲಿ ಜಾರಿಗೆ ಬಂದದ್ದು ಬೆಂಗಳೂರಿನಲ್ಲೇ. ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ‘ಇಂಡಿಒನ್’ ಎಂಬ ಹೋಟೆಲು ತೆರೆಯಿತು. ಮುಂದೆ ಅದೇ ‘ಜಿಂಜರ್’ ಆಯಿತು. ಬಾಡಿಗೆ ಆಗ ಸಾವಿರ ರೂಪಾಯಿಯ ಆಸುಪಾಸು. ರೂಮು ಚಿಕ್ಕದು, ಆದರೆ ಬರೆಯುವ ಮೇಜು, ಇಂಟರ್ನೆಟ್, ಸ್ವಚ್ಛ ಬಚ್ಚಲು ಖಚಿತ. ಬೇಡದ್ದನ್ನು ಕಿತ್ತುಹಾಕಿ ಬೇಕಾದ್ದನ್ನು ಗಟ್ಟಿಯಾಗಿ ಕೊಡುವುದು ಅದರ ಲೆಕ್ಕಾಚಾರ. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಟ್ರೀಬೊ, ಬೇರೆಯವರ ಹೋಟೆಲುಗಳಿಗೆ ತನ್ನ ಹೆಸರು ಕೊಟ್ಟು, ತಿಂಡಿ ಮತ್ತು ವೈಫೈ ಬಾಡಿಗೆಯಲ್ಲೇ ಸೇರಿದೆ ಎಂದು ಮಾತು ಕೊಟ್ಟಿತು. ಹೊರದೇಶದಲ್ಲೂ ಇದು ಹೊಸದಲ್ಲ. 1986ರಲ್ಲಿ ಶುರುವಾದ ಜಪಾನಿನ ತೊಯೊಕೊ ಇನ್, ಕಚೇರಿ ಕೆಲಸಕ್ಕೆ ಓಡಾಡುವವರಿಗೆ ಅನ್ನದ ಉಂಡೆ, ಸಾರಿನಂಥ ಮನೆಯ ಊಟವನ್ನೇ ಬೆಳಗ್ಗೆ ಪುಕ್ಕಟೆ ಕೊಟ್ಟು ಹೆಸರು ಮಾಡಿತು. ಅಲ್ಲಿ ಯಾರೂ ಇಪ್ಪತ್ತು ಬಗೆ ಕೇಳಲಿಲ್ಲ.

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿತು. ಅಲ್ಲಿಂದಾಚೆಗೆ ಹೆದ್ದಾರಿಯ ಎರಡೂ ಬದಿ ಹೋಟೆಲು, ರೆಸಾರ್ಟು ಎದ್ದವು. ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವವರು, 2023ರಿಂದ ಆದಿಯೋಗಿ ಪ್ರತಿಮೆ ನೋಡಲು ಬರುವವರು ಶನಿವಾರ ಭಾನುವಾರ ರೂಮು ತುಂಬಿಸುತ್ತಾರೆ. ಮಾಲೀಕರು ಅವರನ್ನೇ ಕಣ್ಣಮುಂದೆ ಇಟ್ಟುಕೊಂಡು ಕಟ್ಟಿದ್ದಾರೆ: ಲಾನು, ಈಜುಕೊಳ, ಫೋಟೊ ತೆಗೆಸಿಕೊಳ್ಳಲು ಉಯ್ಯಾಲೆ. ವಾರದ ಉಳಿದ ದಿನ ಅದೇ ರೂಮಿಗೆ ಬರುವ ಮನುಷ್ಯ ಈಜುಕೊಳದ ಕಡೆ ತಿರುಗಿಯೂ ನೋಡುವುದಿಲ್ಲ. ಅವನು ಪ್ಲಗ್ ಎಲ್ಲಿದೆ ಎಂದು ಹುಡುಕುತ್ತಾನೆ.

ಪ್ಲಗ್ಗಿನ ವಿಷಯ ಚಿಕ್ಕದೆಂದು ತಳ್ಳಿಹಾಕಬಾರದು. ರೂಮು ಹೊಕ್ಕರೆ ಎದುರಿಗೆ ದೊಡ್ಡ ಟಿ.ವಿ., ತಲೆಯ ಮೇಲೆ ಪಿ.ಒ.ಪಿ. ಸೀಲಿಂಗು, ಅದರೊಳಗೆ ನೀಲಿ ಬೆಳಕು. ಲ್ಯಾಪ್‌ಟಾಪ್ ಇಡಲು ಹೋದರೆ ಮೇಜೇ ಇಲ್ಲ. ಇರುವುದು ಕನ್ನಡಿಯ ಕೆಳಗೆ ಒಂದಡಿ ಅಗಲದ ಹಲಗೆ. ಪ್ಲಗ್ ಟಿ.ವಿ.ಯ ಹಿಂದೆ. ಅದನ್ನು ಕಿತ್ತರೆ ಸೆಟ್‌ಟಾಪ್ ಬಾಕ್ಸ್ ಆರಿಹೋಗುತ್ತದೆ. ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕುಳಿತು, ಮಂದ ಬೆಳಕಿನಲ್ಲಿ ದಿನದ ರಿಪೋರ್ಟು ಕಳಿಸುವುದು ಈ ವೃತ್ತಿಯವರ ರಾತ್ರಿಯ ಪಾಡು. ಒಂದು ಮೇಜು, ಬೆನ್ನಿಗೆ ಆನಿಸುವ ಕುರ್ಚಿ, ಮೇಲೊಂದು ಬಿಳಿ ಟ್ಯೂಬ್‌ಲೈಟು, ಕೈಗೆಟಕುವ ಎರಡು ಪ್ಲಗ್ಗು. ಇಷ್ಟಕ್ಕೆ ತಗಲುವ ಖರ್ಚು ಆ ಸೀಲಿಂಗಿನ ಒಂದು ಮೂಲೆಗೂ ಸಾಲದು.

ಇನ್ನು ನೀರು. ಉತ್ತರ ಪಿನಾಕಿನಿ, ಚಿತ್ರಾವತಿ ಈ ಬೆಟ್ಟಗಳ ಸೆರಗಿನಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ನದಿಯೂ ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಹರಿಸಬೇಕಾದ ಪರಿಸ್ಥಿತಿ. ಹೋಟೆಲಿನ ನಲ್ಲಿಯಲ್ಲಿ ಬರುವುದು ಬಹುಪಾಲು ಆಳದ ಬೋರ್‌ವೆಲ್ ನೀರು, ಗಡಸು ನೀರು. ಸೋಪಿಗೆ ನೊರೆ ಏಳುವುದಿಲ್ಲ, ಕೂದಲು ಅಂಟುತ್ತದೆ. ಗೀಸರಿನ ಕಾಯಿಲಿನ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ, ಕರೆಂಟು ಉರಿಯುತ್ತದೆ, ನೀರು ಉಗುರುಬೆಚ್ಚಗೆ ನಿಲ್ಲುತ್ತದೆ. ಷವರಿನ ತೂತುಗಳು ಮುಚ್ಚಿ ನೀರು ಎಲ್ಲೆಲ್ಲಿಗೋ ಚಿಮ್ಮುತ್ತದೆ. ಗಿರಾಕಿ ‘ಬಿಸಿನೀರು ಬರಲ್ಲ’ ಎಂದರೆ ರೂಮ್‌ಬಾಯ್ ‘ಸ್ವಲ್ಪ ಹೊತ್ತು ಬಿಡಿ ಸರ್, ಬರುತ್ತೆ’ ಎನ್ನುತ್ತಾನೆ. ಸೋಲಾರ್ ಇರುವ ಕಡೆ ಅವನ ಮಾತು ನಿಜವೂ ಹೌದು. ಹಿಂದಿನ ದಿನ ಕಾದ ನೀರು ತಾರಸಿಯ ಟ್ಯಾಂಕಿನಲ್ಲಿರುತ್ತದೆ, ಪೈಪಿನಲ್ಲಿ ನಿಂತ ತಣ್ಣೀರು ಒಂದೆರಡು ಬಕೆಟ್ ಹೋದ ಮೇಲೆ ಅದು ಕೆಳಗಿಳಿಯುತ್ತದೆ. ಬರಗಾಲದ ಜಿಲ್ಲೆಯಲ್ಲಿ ಆ ಎರಡು ಬಕೆಟ್ ಮೋರಿಗೆ. ನಂದಿಯ ಸುತ್ತ ಮಂಜು ಕವಿಯುವ ಡಿಸೆಂಬರಿನಲ್ಲಿ ಸೋಲಾರೂ ಕೈಕೊಡುತ್ತದೆ.

ಇದಕ್ಕೆ ಪರಿಹಾರ ಇದೆ. ನೀರು ಮೆದು ಮಾಡುವ ಘಟಕ ಟ್ಯಾಂಕಿಗೆ ಜೋಡಿಸುವುದು, ವರ್ಷಕ್ಕೊಮ್ಮೆಯಾದರೂ ಗೀಸರ್ ಬಿಚ್ಚಿ ಪದರ ಕೆರೆಸುವುದು, ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತುವುದು, ಬಕೆಟ್ಟು ಚೊಂಬನ್ನು ಕಡ್ಡಾಯವಾಗಿ ಇಡುವುದು. ಕುಡಿಯುವ ನೀರಿನ ಮಾತು ಇನ್ನೂ ಗಂಭೀರ. ಫ್ಲೋರೈಡಿನಿಂದ ನರಳಿದ ಜಿಲ್ಲೆ ಇದು. ರೂಮಿಗೆ ಎರಡು ಬಾಟಲಿ ಇಟ್ಟು ಕೈತೊಳೆದುಕೊಳ್ಳುವ ಬದಲು, ಪ್ರತಿ ಮಹಡಿಯಲ್ಲೂ ಶುದ್ಧೀಕರಿಸಿದ ನೀರಿನ ನಲ್ಲಿ ಇಡಬೇಕು.

ಹೆಣ್ಣುಮಕ್ಕಳು ಕೆಲಸದ ಮೇಲೆ ಓಡಾಡುವುದು ಹೆಚ್ಚಾಗಿದೆ. ಬ್ಯಾಂಕಿನ ಅಧಿಕಾರಿಗಳು, ಆಡಿಟರುಗಳು, ಪರೀಕ್ಷಕರು, ವೈದ್ಯಕೀಯ ಉಪಕರಣದ ಕಂಪನಿಯವರು. ಇವರ ಮೊದಲ ಪ್ರಶ್ನೆ ತಿಂಡಿಯದ್ದಲ್ಲ, ಕೆಳಗೆ ಬಾರ್ ಇದೆಯೇ ಎಂಬುದು. ಸಣ್ಣ ಊರುಗಳಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಮೇಲೆಯೇ ರೂಮುಗಳು, ಎರಡಕ್ಕೂ ಒಂದೇ ಮೆಟ್ಟಿಲು. ರಾತ್ರಿ ಹತ್ತಕ್ಕೆ ರೂಮು ಸೇರಬೇಕಾದ ಹೆಣ್ಣುಮಗಳಿಗೆ ಆ ಮೆಟ್ಟಿಲು ಹತ್ತುವುದೇ ಹಿಂಸೆ. ಬೇರೆ ಬಾಗಿಲು, ಒಳಗಿನಿಂದ ಗಟ್ಟಿಯಾದ ಚಿಲಕ, ಬೆಳಕಿರುವ ಪಾರ್ಕಿಂಗ್, ಕೌಂಟರಿನಲ್ಲಿ ಒಬ್ಬ ಮಹಿಳೆ: ಇವನ್ನು ಸೌಲಭ್ಯ ಎಂದು ಕರೆಯಲೂಬಾರದು. ಇವಿಲ್ಲದೆ ಹೋಟೆಲಿಗೆ ಲೈಸೆನ್ಸು ಕೊಡಬಾರದು ಎನ್ನುವವನು ನಾನು.

ದುಡ್ಡಿನ ಲೆಕ್ಕ ಗೊತ್ತಿಲ್ಲದೆ ಕೆಲಸದ ಮೇಲೆ ತಿರುಗುವವರ ಅಭಿಪ್ರಾಯ ಅರ್ಥವಾಗುವುದಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ನಂತರ 2017ರಲ್ಲಿ ಬಂದ ಆದೇಶವನ್ನೇ ನೋಡಿ. ಅದರಲ್ಲಿ ವೇತನದ 6ರಿಂದ 8ನೇ ಹಂತದ ನೌಕರನಿಗೆ ನಿಗದಿಯಾದ ಹೋಟೆಲ್ ಬಾಡಿಗೆ ದಿನಕ್ಕೆ 750 ರೂಪಾಯಿ, ಊಟಕ್ಕೆ 800 ಆಗಿತ್ತು. ಅದಕ್ಕೂ ಕೆಳಗಿನ ಹಂತದವನಿಗೆ ಬಾಡಿಗೆ 450. 9ರಿಂದ 11ನೇ ಹಂತಕ್ಕೆ ಏರಿದವನಿಗೆ ಒಮ್ಮೆಲೇ 2,250. ಹೀಗೆ ಒಂದೇ ತಪಾಸಣೆಗೆ ಬಂದ ಇಬ್ಬರು, ಒಬ್ಬ ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ, ಇನ್ನೊಬ್ಬ ಹೆದ್ದಾರಿಯ ಹೋಟೆಲಿನಲ್ಲಿ ಉಳಿಯುತ್ತಾರೆ. ವಿಚಿತ್ರವೆಂದರೆ ಬೆಳಗ್ಗೆ ಆರಕ್ಕೆ ಬಿಸಿ ಇಡ್ಲಿ ಸಿಗುವುದು ಮೊದಲನೆಯವನಿಗೇ. ಬಸ್ ನಿಲ್ದಾಣದ ಹೋಟೆಲು ಮೊದಲ ಬಸ್ಸಿನೊಂದಿಗೆ ಬಾಗಿಲು ತೆಗೆಯುತ್ತದೆ.

ಖಾಸಗಿ ಕಂಪನಿಯಲ್ಲಿ ಸಾಮಾನ್ಯವಾಗಿ ರೂಮಿನ ಬಾಡಿಗೆ ಬಿಲ್ಲಿನ ಮೇಲೆ, ಊಟ ತಿಂಡಿ ದಿನಕ್ಕಿಷ್ಟು ಎಂಬ ಭತ್ಯೆಯ ಮೇಲೆ. ಆದ್ದರಿಂದಲೇ ‘ತಿಂಡಿ ಸೇರಿ’ ಎನ್ನುವ ರೂಮನ್ನು ಮೆಡಿಕಲ್ ರೆಪ್ಪುಗಳು ಹುಡುಕಿ ಹಿಡಿಯುತ್ತಾರೆ. ತಿಂಡಿಯ ಖರ್ಚು ರೂಮಿನ ಬಿಲ್ಲಿಗೆ ಹೋಗುತ್ತದೆ, ಭತ್ಯೆಯಲ್ಲಿ ನಾಲ್ಕು ಕಾಸು ಮನೆಗೆ ಉಳಿಯುತ್ತದೆ. ತಿಂಗಳಲ್ಲಿ ಅರ್ಧದಷ್ಟು ದಿನ ಹೊರಗೆ ಇರುವವನಿಗೆ ಅದು ಸಣ್ಣ ಮೊತ್ತವಲ್ಲ. ತಿಂಡಿ ಎಂಟಕ್ಕೆ ಎಂದಾದರೆ ಈ ಲೆಕ್ಕವೆಲ್ಲ ತಲೆಕೆಳಗು. ಹೋಟೆಲಿಗೂ ಕೊಟ್ಟು, ಹೊರಗೂ ಕೊಟ್ಟು ತಿನ್ನಬೇಕು. ಬಿಲ್ಲಿನ ಇನ್ನೊಂದು ತಕರಾರು ಜಿ.ಎಸ್.ಟಿ. ಸಾವಿರ ರೂಪಾಯಿಗಿಂತ ಕಡಿಮೆಯ ರೂಮಿಗೆ 2022ರ ಜುಲೈವರೆಗೆ ತೆರಿಗೆ ಇರಲಿಲ್ಲ, ಆಮೇಲೆ ಶೇ 12 ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 5. ಆದರೆ ಹೋಟೆಲಿನವರಿಗೆ ತಾವು ಕೊಂಡ ಸಾಮಾನಿನ ಮೇಲಿನ ತೆರಿಗೆ ಹಿಂದೆ ಸಿಗುವುದಿಲ್ಲ. ಗಿರಾಕಿಗೆ ತೆರಿಗೆ ಇಳಿದದ್ದು ನೇರ ಲಾಭ. ಆಫೀಸಿಗೆ ಬೇಕಾದದ್ದು ಕಂಪನಿಯ ಹೆಸರು, ಜಿ.ಎಸ್.ಟಿ. ನಂಬರು ಸರಿಯಾಗಿರುವ ಛಾಪಾ ಬಿಲ್ಲು. ಬೆಳಗ್ಗೆ ಐದೂವರೆಗೆ ಹೊರಡುವವನಿಗೆ ‘ಮ್ಯಾನೇಜರ್ ಒಂಬತ್ತಕ್ಕೆ ಬರ್ತಾರೆ, ಬಿಲ್ ವಾಟ್ಸಾಪ್ ಮಾಡ್ತೀವಿ’ ಎಂದು ಹೇಳಿ ಕಳಿಸಿ, ಆಮೇಲೆ ಫೋನ್ ಎತ್ತದಿರುವುದು ಈ ದಾರಿಯಲ್ಲಿ ಓಡಾಡುವವರೆಲ್ಲ ಕಂಡ ಕಷ್ಟ.

ಈಗ ತಟ್ಟೆಯ ವಿಷಯಕ್ಕೆ ಬರೋಣ. ಹೆದ್ದಾರಿಯ ಹೋಟೆಲಿನ ಬಫೆಯಲ್ಲಿ ಸಾಲಾಗಿ ಹೊಳೆಯುವ ಪಾತ್ರೆಗಳು. ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸು, ಡಬ್ಬಿಯ ಜ್ಯೂಸು, ಪೂರಿ, ಆಲೂ ಪಲ್ಯ, ಪೋಹಾ, ಇಡ್ಲಿ, ವಡೆ. ಮುಚ್ಚಳ ಎತ್ತಿದರೆ ಆವಿ ನೀರಾಗಿ ಇಡ್ಲಿಯ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಸಾಲು ಒದ್ದೆ, ಅಂಚಿನ ಇಡ್ಲಿ ಒಣಗಿ ಬಿರುಸು. ವಡೆ ತಣ್ಣಗಾಗಿ ಎಣ್ಣೆ ಕಾರುತ್ತಿದೆ. ಚಟ್ನಿಯಲ್ಲಿ ಹುರಿಗಡಲೆಯೇ ಜಾಸ್ತಿ. ಬಗೆ ಹೆಚ್ಚಾದಷ್ಟೂ ಯಾವುದಕ್ಕೂ ಗಮನ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿಡಬೇಕಾದ ಕಾರಣಕ್ಕೂ ಎಂಟು ಗಂಟೆಯಾಗುತ್ತದೆ.

ಇಡ್ಲಿಯ ಹದ ಬಲ್ಲವರಿಗೆ ಗೊತ್ತು, ಅದು ಬೆಳಗಿನ ಜಾವಕ್ಕೆಂದೇ ಇರುವ ತಿಂಡಿ. ಸಂಜೆ ರುಬ್ಬಿಟ್ಟ ಹಿಟ್ಟು ರಾತ್ರಿಯೆಲ್ಲ ಹುದುಗುತ್ತದೆ. ಬೆಳಗ್ಗೆ ತಟ್ಟೆಗೆ ಹೊಯ್ದು ಒಲೆಯ ಮೇಲಿಟ್ಟರೆ ಹತ್ತು ಹನ್ನೆರಡು ನಿಮಿಷ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರುಗಳಲ್ಲಿ ಚಳಿಗಾಲದಲ್ಲಿ ಹಿಟ್ಟು ಬೇಗ ಹುದುಗುವುದಿಲ್ಲ, ಬೆಚ್ಚಗಿನ ಜಾಗದಲ್ಲಿಡಬೇಕು, ಅಷ್ಟೇ. ಐದೂವರೆಗೆ ಒಬ್ಬ ಅಡುಗೆಯವನು ಬಂದರೆ ಆರಕ್ಕೆ ಇಡ್ಲಿ, ಚಟ್ನಿ, ಖಾರಾಬಾತ್, ಕಾಫಿ ಸಿದ್ಧ. ಕೂತು ತಿನ್ನಲು ಪುರುಸೊತ್ತಿಲ್ಲದವನಿಗೆ ಬಾಳೆ ಎಲೆಯಲ್ಲಿ ಕಟ್ಟಿಕೊಡಬಹುದು. ಹಿಂದಿನ ರಾತ್ರಿ ಹತ್ತಕ್ಕೆ ಕೌಂಟರಿನಿಂದ ರೂಮಿಗೆ ಒಂದು ಫೋನು: ‘ನಾಳೆ ಎಷ್ಟೊತ್ತಿಗೆ ಹೊರಡ್ತೀರಿ ಸರ್?’ ಟಿ.ಬಿ.ಯ ಮೇಟಿ ಮಾಡುತ್ತಿದ್ದದ್ದೂ ಇದನ್ನೇ. ಆ ಅಡುಗೆಯವನಿಗೆ ಬೆಳಗಿನ ಪಾಳಿಯ ಹೆಚ್ಚುವರಿ ಸಂಬಳ, ಮಲಗಲು ಜಾಗ ಕೊಡುವುದು ಮಾಲೀಕರ ಹೊಣೆ. ಗಿರಾಕಿಯ ಸುಖ ಅವನ ನಿದ್ದೆಗೆಟ್ಟು ಬರಬಾರದು.

ಇನ್ನೊಂದು ಕೊರಗು ನನ್ನದು. ಈ ಜಿಲ್ಲೆಯಲ್ಲಿ ಉಳಿದವನು ಈ ಜಿಲ್ಲೆಯದ್ದನ್ನು ಏನನ್ನೂ ತಿನ್ನದೆ ಹೊರಟುಬಿಡುತ್ತಾನೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಸ್ತೆಬದಿ ರಾಶಿ ಬಿದ್ದಿರುತ್ತದೆ. ಮನೆಮನೆಯಲ್ಲಿ ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿ, ಹಿತಕಿದ ಬೇಳೆಯ ಸಾರು. ಹೋಟೆಲಿನ ಬಫೆಯಲ್ಲಿ ಆ ತಿಂಗಳಲ್ಲೂ ಪೋಹಾ. ರಾಗಿ ಬೆಳೆಯುವ ನಾಡಿನಲ್ಲಿ ರಾಗಿದೋಸೆ, ರಾಗಿರೊಟ್ಟಿ, ಒಂದು ಲೋಟ ರಾಗಿ ಅಂಬಲಿ ಇಡಲು ಏನು ಅಡ್ಡಿ? ನಂದಿಯ ತಪ್ಪಲಿನಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೀಜವಿದ್ದರೂ ಅದರ ರಸದ ಘಮ ಬೇರೆ ದ್ರಾಕ್ಷಿಗಿಲ್ಲ. ತೋಟದ ಪಕ್ಕದ ಹೋಟೆಲಿನವರು ಡಬ್ಬಿಯ ಜ್ಯೂಸು ಸುರಿಯುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ದಿನ ಬಿಟ್ಟು ದಿನ ಹೊರಗೆ ತಿನ್ನುವವನ ಹೊಟ್ಟೆಗೆ ಮನೆಯಂಥ ತಿಂಡಿ ಬೇಕು. ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ಎರಡೂ ತಿರುಗಾಟದ ಕೆಲಸದವರ ಬೆನ್ನು ಬಿಡದ ಸಂಗಾತಿಗಳು. ಮೈದಾದ ಪೂರಿಗಿಂತ ಅವರಿಗೆ ರಾಗಿ, ಕಾಳು ಒಳ್ಳೆಯದು. ಉತ್ತರ ಭಾರತದಿಂದ ಟೊಮೆಟೊ ಹಂಗಾಮಿಗೆ ಬಂದು ವಾರಗಟ್ಟಲೆ ಉಳಿಯುವ ವ್ಯಾಪಾರಿಗಳಿಗೆ ಗೋಧಿ ರೊಟ್ಟಿ, ಮೊಸರು ಬೇಕು. ಅದನ್ನೂ ಮಾಡಿಕೊಡಲಿ.

ಹೋಟೆಲಿನವರಿಗೆ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ರೂಮು ನವೀಕರಿಸುವಾಗ ಸೀಲಿಂಗಿಗೆ ಇಡುವ ದುಡ್ಡಿನಲ್ಲಿ ಅರ್ಧವನ್ನು ನೀರಿಗೆ, ಮೇಜಿಗೆ, ಬೆಳಗಿನ ಪಾಳಿಗೆ ಇಡಿ. ಬೋರ್ಡಿನಲ್ಲಿ ‘ತಿಂಡಿ ಬೆಳಗ್ಗೆ 6ರಿಂದ’ ಎಂದು ಬರೆಸಿ ನೋಡಿ. ಶನಿವಾರದ ಗಿರಾಕಿ ವರ್ಷಕ್ಕೊಮ್ಮೆ ಬರುತ್ತಾನೆ, ಮಂಗಳವಾರದವನು ತಿಂಗಳಿಗೆರಡು ಸಲ. ಓಡಾಡುವ ಸ್ನೇಹಿತರೇ, ರೂಮು ಹಿಡಿಯುವ ಮೊದಲು ಬಾಡಿಗೆಯ ಜತೆಗೆ ಬಿಸಿನೀರಿನ ಹೊತ್ತು, ತಿಂಡಿಯ ಹೊತ್ತು ಎರಡನ್ನೂ ಕೇಳಿ. ಸರಿಯಿಲ್ಲದಿದ್ದರೆ ಹೊರಡುವಾಗ ಮ್ಯಾನೇಜರಿಗೆ ಮುಖಾಮುಖಿ ಹೇಳಿ. ಇನ್ನು ಕಂಪನಿಗಳ ಲೆಕ್ಕ ವಿಭಾಗದವರೇ, ನಿಮ್ಮ ಹುಡುಗ ಮಾರುಕಟ್ಟೆಗೆ ಓಡುವ ದಾರಿಯಲ್ಲಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ತಿಂದ ಇಡ್ಲಿ ಕಾಫಿಯ ಬಿಲ್ಲನ್ನು, ‘ರೂಮಿನಲ್ಲೇ ತಿಂಡಿ ಇತ್ತಲ್ಲ’ ಎಂದು ದಯವಿಟ್ಟು ವಾಪಸ್ ಕಳಿಸಬೇಡಿ. ಅವನು ಹೊರಟಾಗ ಆ ತಿಂಡಿ ಇನ್ನೂ ಆಗಿರಲಿಲ್ಲ.